ಮುಂದೆ ಬಿಟ್ಟ ಜಾಗ

ಗಾಜಿನ ವ್ಯಾಪಾರದ ಆ ಮನೆಯಲ್ಲಿ ಲಾರಿ ಓಡಿಸುವವರಿಗೆ ಇದ್ದುದು ಒಂದೇ ಪರೀಕ್ಷೆ: ದಾರಿಯಲ್ಲಿ ಗಾಜು ಮಾತಾಡಬಾರದು. ಚೌಕಟ್ಟಿಗೆ ಒರಗಿಸಿ ಕಟ್ಟಿದ ಹಾಳೆಗಳ ನಡುವೆ ಎಷ್ಟೇ ರಬ್ಬರ್ ಪಟ್ಟಿ ತುರುಕಿದರೂ, ಬ್ರೇಕನ್ನು ಗಕ್ಕನೆ ತುಳಿದರೆ ಅವು ಝಣ್ ಎನ್ನುತ್ತಿದ್ದವು. ಆ ಸದ್ದಿಗೆ ಮನೆಮಂದಿ ಇಟ್ಟ ಹೆಸರು ಮಾತು.

ಮಾವನ ಮೊಣಕಾಲು ಕೈಕೊಟ್ಟಂದಿನಿಂದ ದೊಡ್ಡ ಲಾರಿಯನ್ನು ಸೊಸೆ ಓಡಿಸುತ್ತಿದ್ದಳು. ಗಂಡನಿಗೆ ಗಾಜು ಕತ್ತರಿಸುವ ಮೇಜು ಬಿಟ್ಟರೆ ಬೇರೆ ಲೋಕ ಬೇಕಿರಲಿಲ್ಲ. ಆದರೆ ಸಣ್ಣ ಲಾರಿ ಓಡಿಸುತ್ತಿದ್ದ ಮೈದುನ, ದೊಡ್ಡದು ತನಗೇ ಬೇಕೆಂದು ಪಟ್ಟು ಹಿಡಿದಿದ್ದ. ಹೆದ್ದಾರಿಯಲ್ಲಿ ಅತ್ತಿಗೆ ತನ್ನ ಮುಂದೆ ಮಕ್ಕಳು ಚೆಂಡಾಡುವಷ್ಟು ಜಾಗ ಬಿಟ್ಟುಕೊಂಡು ಹೋಗುತ್ತಾಳೆ, ಗಾಜು ತರಿಸುವ ಕಟ್ಟಡದವರು ಕಾದು ಕಾದು ಹೈರಾಣಾಗುತ್ತಾರೆ ಎಂಬುದು ಅವನ ದೂರು. ಅವಳಿಗೆ ‘ಮೆರವಣಿಗೆ’ ಎಂಬ ಅಡ್ಡಹೆಸರನ್ನೂ ಅವನೇ ಅಂಟಿಸಿದ್ದ. ಮನೆಯ ಯಜಮಾನಿಕೆ ಅತ್ತೆಯದು. ತಾವೇ ಜೊತೆಗೆ ಬಂದು ನೋಡಿ, ಸಂಜೆಯೊಳಗೆ ಲಾರಿ ಯಾರ ಕೈಗೆಂದು ಹೇಳುವುದಾಗಿ ಅವರು ಬೆಳಗ್ಗೆಯೇ ಸಾರಿ, ಸೊಸೆಯ ಪಕ್ಕದಲ್ಲಿ ಚೀಲ ತಬ್ಬಿ ಕುಳಿತರು.

ದಾರಿಯುದ್ದಕ್ಕೂ ಬಿಟ್ಟ ಜಾಗಕ್ಕೆ ಕಾರುಗಳು ನುಗ್ಗಿದವು. ಒಂದೊಂದು ನುಗ್ಗಿದಾಗಲೂ ಸೊಸೆ ಕಾಲು ಸಡಿಲಿಸಿ, ಮತ್ತೆ ಅಷ್ಟೇ ಜಾಗ ಮಾಡಿಕೊಂಡಳು. ಅತ್ತೆಗೆ ಮೈ ಉರಿಯಿತು.

“ಹಿಂಗೆ ಬಿಟ್ಕೊಡ್ತಾ ಇದ್ರೆ ಊರಿನೋರೆಲ್ಲ ಬಂದು ಕೂತ್ಕೋತಾರೆ ಕಣೆ.”

“ಕೂತ್ಕೊಳ್ಲಿ ಬಿಡಿ ಅತ್ತೆ. ನಾನು ಸ್ವಲ್ಪ ಹಿಂದೆ ಸರೀತೀನಿ.”

“ಸರೀತಾ ಸರೀತಾ ಮನೆಗೇ ವಾಪಸ್ ಹೋಗ್ತೀವಿ ಅಷ್ಟೆ.”

ಸಣ್ಣ ಲಾರಿಯಲ್ಲಿ ಬೆನ್ನಿಗೇ ಅಂಟಿಕೊಂಡು ಹಾರ್ನ್ ಬಾರಿಸುತ್ತಿದ್ದ ಮೈದುನ ಟೈರಿಗೆ ಗಾಳಿ ತುಂಬಿಸಲೆಂದು ಹಿಂದೆ ಉಳಿದ. ಸೊಸೆ ಎತ್ತರದ ಸೇತುವೆಯನ್ನೇರಿ ನೆತ್ತಿ ದಾಟಿದಳು. ಕೆಳಗೆ, ದೂರದಲ್ಲಿ, ಕೆಂಪು ದೀಪಗಳು ಒಂದಾದ ಮೇಲೊಂದು ಹೊತ್ತಿಕೊಳ್ಳುತ್ತಿದ್ದವು. ಅವಳು ಬ್ರೇಕನ್ನು ಮೆಲ್ಲನೆ ತಟ್ಟಿ ತಟ್ಟಿ ಹಿಂದಿನವರಿಗೆ ಸೂಚನೆ ಕೊಡುತ್ತ, ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ ಲಾರಿಯನ್ನು ನಿಲ್ಲಿಸಿದಳು. ಗಾಜು ಮಾತಾಡಲಿಲ್ಲ. ಮುಂದಿನ ಕಾರಿಗೂ ಅವಳಿಗೂ ನಡುವೆ ಇನ್ನೆರಡು ಲಾರಿ ಹಿಡಿಸುವಷ್ಟು ಜಾಗ. ಗೇರ್ ತೆಗೆಯದೆ, ಎರಡೂ ಬದಿಯ ದೀಪ ಮಿನುಗಿಸಿ, ಕನ್ನಡಿಯಲ್ಲಿ ಕಣ್ಣು ನೆಟ್ಟಳು. ಆಚೆಯಿಂದ ಏರಿ ಬರುವವರಿಗೆ ನೆತ್ತಿ ಮುಟ್ಟುವ ತನಕ ಇವರು ಕಾಣುವಂತಿರಲಿಲ್ಲ.

“ಎಲ್ಲಾ ನಿಂತಿರುವಾಗ್ಲೂ ಆ ಜಾಗ ಯಾರಿಗೆ?” ಅತ್ತೆ ಕೇಳಿದರು.

“ಹಿಂದೆ ಬರೋರಿಗೆ.”

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಕನ್ನಡಿಯಲ್ಲಿ ಸಣ್ಣ ಲಾರಿ ಮೂಡಿತು. ಕಳೆದ ಹೊತ್ತನ್ನು ಹಿಡಿಯುವ ಆತುರದಲ್ಲಿ ಅದು ನೆತ್ತಿ ಹಾರಿ ಬರುತ್ತಿತ್ತು. ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಸೊಸೆ ಕ್ಲಚ್ ಬಿಟ್ಟಳು. ಕೂಡಿಟ್ಟ ಜಾಗವನ್ನೆಲ್ಲ ಒಂದೇ ಉಸಿರಿಗೆ ಖರ್ಚು ಮಾಡುತ್ತ ದೊಡ್ಡ ಲಾರಿ ಮುಂದಕ್ಕೆ, ರಸ್ತೆಯ ಅಂಚಿಗೆ ಜಾರಿತು. ಹಿಂದೆ ಟೈರುಗಳು ಚೀರಿದವು. ಆಮೇಲೆ ಸಣ್ಣ ಲಾರಿಯೊಳಗಿನ ಗಾಜು ಮಾತಾಡಿತು, ಮಾತಾಡುತ್ತಲೇ ಇತ್ತು.

ಅತ್ತೆ ಇಳಿದು ಓಡಿದರು, ಹಿಂದೆಯೇ ಸೊಸೆ. ಎರಡು ಲಾರಿಗಳ ನಡುವೆ ಉಳಿದದ್ದು ಒಂದು ಗೇಣು. ಆ ಗೇಣಿನಾಚೆ ಮಗ ಸ್ಟಿಯರಿಂಗ್ ಹಿಡಿದು ಕುಳಿತೇ ಇದ್ದ, ಕೂದಲೂ ಕೊಂಕಿರಲಿಲ್ಲ. ಅವನ ಕೆನ್ನೆ ಸವರಿ, ಅವರು ದೊಡ್ಡ ಲಾರಿಯ ಹಿಂಬಾಗಿಲು ತೆರೆದು ಗಾಜಿನ ಅಂಚುಗಳ ಮೇಲೆ ಬೆರಳಾಡಿಸುತ್ತ ಹೋದರು. ಒಂದು ಗೀರೂ ಇರಲಿಲ್ಲ.

“ಅತ್ತಿಗೆ, ನೀವು ಅಲ್ಲೇ ನಿಂತಿದ್ದಿದ್ರೆ...” ಮೈದುನ ಇಳಿದು ಬಂದು ಆ ಗೇಣನ್ನೇ ನೋಡಿದ.

“ಆ ಜಾಗ ನಿನಗೇ ಅಂತ ಇಟ್ಟಿದ್ಳು ಕಣೋ,” ಎಂದರು ಅತ್ತೆ. ಚೀಲಕ್ಕೆ ಕೈಹಾಕಿ, ಬೇರೆ ಯಾರಿಗೂ ಮುಟ್ಟಗೊಡದ, ದೊಡ್ಡ ಲಾರಿಯ ಎರಡನೆಯ ಕೀಲಿಯನ್ನು ತೆಗೆದು ಸೊಸೆಯ ಅಂಗೈಗೆ ಒತ್ತಿದರು. “ಇದೂ ನಿಂದೇ. ಲಾರಿ ಬಗ್ಗೆ ಇನ್ಯಾರೂ ಸೊಲ್ಲೆತ್ತಬಾರದು.”

ಮೊದಲು ತಲೆಯಾಡಿಸಿದವನು ಮೈದುನನೇ.

ದಾರಿ ತೆರೆದಾಗ ಸೊಸೆಯ ಮುಂದೆ ಮತ್ತೆ ಜಾಗ ಬಿಚ್ಚಿಕೊಂಡಿತು. ಪಕ್ಕದ ಕಾರೊಂದು ಮೂಗು ತೂರಿಸಿತು. ಅತ್ತೆ ಕಿಟಕಿಯಿಂದ ಕೈ ಚಾಚಿ, ಮನೆ ಬಾಗಿಲಲ್ಲಿ ನಿಂತು ನೆಂಟರನ್ನು ಕರೆಯುವ ಹಾಗೆ ಅದನ್ನು ಒಳಗೆ ಕರೆದರು. ಸಣ್ಣ ಲಾರಿ ಎಷ್ಟು ಹಿಂದೆ ಬರುತ್ತಿತ್ತೆಂದರೆ ಕನ್ನಡಿಯಲ್ಲಿ ಬೆಂಕಿಪೊಟ್ಟಣದಷ್ಟೇ ಕಾಣುತ್ತಿತ್ತು.

ಮೆರವಣಿಗೆ ಕಟ್ಟಡದ ಬಾಗಿಲಲ್ಲಿ ಠೀವಿಯಿಂದ ನಿಂತಾಗ ಮಾವನ ಫೋನ್ ಬಂತು. ಅವರು ಕೇಳಿದ್ದು ಎಂದಿನ ಒಂದೇ ಪ್ರಶ್ನೆ: ಗಾಜು ಮಾತಾಡಿತೇ?

“ದೊಡ್ಡದ್ರಲ್ಲಿ ತುಟಿ ಪಿಟಕ್ಕನ್ನಲಿಲ್ಲ ರೀ,” ಎಂದರು ಅತ್ತೆ, ಸೊಸೆಯ ಭುಜದ ಮೇಲೆ ಕೈಯಿಟ್ಟು. “ಸಣ್ಣದು ಮಾತ್ರ ಭಾಷಣಾನೇ ಮಾಡ್ತು.”