ದುಂಡಗೆ ಬೆಳೆಯದವು

ಆ ಪ್ರಯೋಗಾಲಯದಲ್ಲೊಂದು ಪದ್ಧತಿಯಿತ್ತು. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ದುಂಡಗೆ ಹರಡಿದರೆ ಫೋಟೊ ತೆಗೆಯಬೇಕು. ಅಡ್ಡಾದಿಡ್ಡಿ ಬೆಳೆದರೆ ಸದ್ದಿಲ್ಲದೆ ಹಬೆಯ ಪೆಟ್ಟಿಗೆಗೆ ಹಾಕಿ ಕೊಲ್ಲಬೇಕು. ಏಕೆಂದರೆ ಅವುಗಳ ಬೆಳವಣಿಗೆಯನ್ನು ಲೆಕ್ಕ ಹಾಕುವ ಸಮೀಕರಣ ದುಂಡಗೇ ಬೆಳೆಯಬೇಕೆಂದು ಹೇಳಿತ್ತು. ಅದರ ಮಾತು ಮೀರಿದ ಜೀವಕ್ಕೆ ಅಲ್ಲಿ ಬದುಕುವ ಹಕ್ಕಿರಲಿಲ್ಲ.

ತಟ್ಟೆ ಬೆಳೆಸುವ ಕೆಲಸ ಜೀವಶಾಸ್ತ್ರ ಓದಿದ ಹುಡುಗಿಯದು. ಸಮೀಕರಣ ಬರೆದವನು ಅವಳ ಅಕ್ಕನ ಗಂಡ. ಮಹಡಿಯ ಕೋಣೆಯಲ್ಲಿ ಕೂತು, ಕೆಳಗಿನಿಂದ ಬಂದ ದುಂಡು ಫೋಟೊಗಳನ್ನು ನೋಡಿ, ತನ್ನ ಲೆಕ್ಕ ಎಂದೂ ತಪ್ಪುವುದಿಲ್ಲವೆಂದು ಬೀಗುತ್ತಿದ್ದ.

ಅಂದು ಬೆಳಿಗ್ಗೆ ಅವಳ ತಟ್ಟೆಯಲ್ಲಿ ಕವಲು ಕವಲಾಗಿ ಬೇರು ಬಿಟ್ಟಂತೆ ಬೆಳೆದಿತ್ತು.

"ಎಸಿಯಮ್ಮ ಅದನ್ನ. ನಾಳೆ ವರದಿ ಹೋಗ್ಬೇಕು. ನಿನ್ನ ಕೈಯೇ ಸರಿಯಿಲ್ಲ," ಎಂದರು ಪ್ರಯೋಗಾಲಯದ ಮುಖ್ಯಸ್ಥರು.

"ಕೈ ಸರಿಯಾಗೇ ಇದೆ ಸರ್. ಆಹಾರ ಕಮ್ಮಿ ಹಾಕಿದಾಗೆಲ್ಲ ಇವು ಹೀಗೇ ಬೆಳೆಯೋದು."

"ಎಸೆದ್ರೆ ಕೆಲಸ ಇರುತ್ತೆ. ಇಲ್ಲಾಂದ್ರೆ ಬಾಗಿಲು ಅಲ್ಲಿದೆ."

ಅವಳು ಬಾಗಿಲು ದಾಟಿ, ತಟ್ಟೆ ಸಮೇತ ಸೀದಾ ಮಹಡಿ ಹತ್ತಿದಳು.

"ಏನೇ ಇದು, ಬೇರು ಕಿತ್ಕೊಂಡು ಬಂದಿದ್ದೀಯಾ?"

"ನಿಮ್ಮ ಲೆಕ್ಕದ ಹೆಣ, ಭಾವ."

ಅವನು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. "ಇಂಥದ್ದು ಮೊದಲೂ ಬಂದಿತ್ತಾ?"

"ಬಂದಾಗೆಲ್ಲ ಕೊಂದಿದ್ದೀವಿ. ನಿಮಗೆ ರುಚಿಸೋದನ್ನ ಮಾತ್ರ ಬಡಿಸಿದ್ದೀವಿ."

ಅವನ ಮುಖ ಕಪ್ಪಿಟ್ಟಿತು. ತನ್ನ ಮಾತು ಕೇಳಿದ ಜೀವಗಳನ್ನಷ್ಟೇ ತಿಂದು ತಿಂದು ಆ ಲೆಕ್ಕ ಕುರುಡಾಗಿ ಕೊಬ್ಬಿತ್ತು. ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಆಹಾರ ಮುಗಿಯುತ್ತೆ ಅನ್ನೋದನ್ನ ನಾನು ಬರೆದೇ ಇಲ್ಲ ಕಣೇ. ಹಸಿದವನು ದುಂಡಗೆ ಕೂರ್ತಾನಾ? ಒಂದಿಷ್ಟು ಮುಂದೆ ಚಾಚಿದವನಿಗೆ ಹೆಚ್ಚು ಸಿಗುತ್ತೆ, ಅವನು ಇನ್ನೂ ಚಾಚ್ತಾನೆ..."

ಎಂದವನೇ ಬೋರ್ಡಿನ ಮೇಲಿದ್ದುದನ್ನೆಲ್ಲ ಅಂಗೈಯಿಂದಲೇ ಒರೆಸಿಬಿಟ್ಟ.

ಮುಖ್ಯಸ್ಥರು ಏದುಸಿರು ಬಿಡುತ್ತ ಒಳಬಂದರು. "ಕೊಡು ಆ ತಟ್ಟೆ!"

"ಕೊಡಲ್ಲ."

"ವರದಿಯಿಂದ ನನ್ನ ಲೆಕ್ಕ ತೆಗೀರಿ ಸರ್," ಎಂದ ಭಾವ.

"ಹೆಂಡ್ತಿ ತಂಗಿ ಮಾತು ಕೇಳ್ಕೊಂಡು ಹಾಳಾಗ್ತಿದ್ದೀರಿ ನೀವು!"

"ಹೆಂಡ್ತಿ ಮಾತೇ ನಾನು ಕೇಳಲ್ಲ, ಇನ್ನು ಇವಳದ್ದು! ತಟ್ಟೆಯಲ್ಲಿರೋರ ಮಾತು ಕೇಳ್ತಿದ್ದೀನಿ."

"ಹಾಗಾದ್ರೆ ಇವಳಿಗೆ ಇಲ್ಲಿ ಇವತ್ತೇ ಕೊನೆ ದಿನ."

ಅವಳು ಬಿಳಿ ಕೋಟು ಬಿಚ್ಚಿ ಅವರ ಕೈಗೆ ತುರುಕಿದಳು. ಅವರು ದಡದಡನೆ ಇಳಿದುಹೋದರು. ಅವಳು ಕುರ್ಚಿ ಎಳೆದುಕೊಂಡು ಬೋರ್ಡಿನ ಮುಂದೆ ಕೂತಳು.

"ಬರೀರಿ ಭಾವ. ಆಹಾರ ಇನ್ನೂ ಕಮ್ಮಿಯಾದ್ರೆ ಏನಾಗುತ್ತೆ ಅಂತ ನಿಮ್ಮ ಲೆಕ್ಕ ಹೇಳಲಿ. ತಪ್ಪಾದ್ರೆ ಬೆಳೆಸಿ ತೋರಿಸ್ತೀನಿ."

"ಎಲ್ಲಿ ಬೆಳೆಸ್ತೀಯೇ, ಕೆಲಸಾನೇ ಹೋಯ್ತಲ್ಲ?"

"ಹಸಿವೇನು ಅವರಪ್ಪನ ಆಸ್ತಿಯಾ? ಎಲ್ಲಿಟ್ರೂ ಇವು ಬೆಳೀತವೆ. ನೀವು ಬರೀರಿ."