ಸಿಬ್ಬಂದಿಯೆಲ್ಲ ಹೊರಗೆ ಬನ್ನಿ

"ಏಯ್ ಮುದುಕ, ಗುಂಡಿ ತೋಡ್ತಿದ್ದೀಯೋ ಇಲಿ ಬಿಲ ಕೆರೀತಿದ್ದೀಯೋ? ನಮ್ಮಪ್ಪ ಆರಡಿ ಆಳು. ಮಡಚಿ ಇಡ್ಲಾ?"

ಮರದ ವ್ಯಾಪಾರಿಯ ಮಗ ಮೂಗಿಗೆ ಕರವಸ್ತ್ರ ಹಿಡಿದು ಗುಂಡಿಯ ಅಂಚಿನಲ್ಲಿ ನಿಂತಿದ್ದ. ನಾನು ಇನ್ನೊಂದು ಏಟು ಹಾಕಿದೆ. ಹೆಣ ಹೂಳುವವನಿಗೆ ಬೈಗುಳವೆಂದರೆ ಕೂಲಿಯ ಜೊತೆ ಬರುವ ಕೊಸರು. ಅಂದು ಗುಂಡಿಯ ಮೇಲೆ ನನಗೆ ಗಮನವಿರಲಿಲ್ಲ, ಅದೂ ನಿಜ. ಹಿಂದಿನ ದಿನ ಕೆಲಸಕ್ಕೆ ಹೋದ ಮೊಮ್ಮಗಳು ರಾತ್ರಿ ಮನೆಗೆ ಬಂದಿರಲಿಲ್ಲ. ಸೊಸೆ ಮತ್ತು ನಾನು ವಸ್ತುಸಂಗ್ರಹಾಲಯದ ಗೇಟಿನವರೆಗೂ ಹೋಗಿ ಕೇಳಿದ್ದೆವು. ಸಿಬ್ಬಂದಿಯೆಲ್ಲ ಹೊರಗೆ ಬಂದಾಯಿತು, ಒಳಗೆ ಯಾರೂ ಇಲ್ಲ ಎಂದು ಕಾವಲುಗಾರ ಹೇಳಿ ಕಳಿಸಿದ್ದ.

ಈಗ ಅದೇ ಕಾವಲುಗಾರ ಗೋರಿಗಳ ನಡುವೆ ನಡೆದು ಬರುತ್ತಿದ್ದ. ಅವನ ಕೈಯಲ್ಲಿ ಒಂದು ಜೊತೆ ಚಪ್ಪಲಿ. ಕಾಲಲ್ಲಿರಬೇಕಾದದ್ದನ್ನು ಮನುಷ್ಯ ಎರಡೂ ಕೈಯಲ್ಲಿ ಹಿಡಿದುಕೊಂಡು ಬರುವುದನ್ನು ಕಂಡಾಗಲೇ ನನ್ನ ಹಾರೆ ನಿಂತಿತು. ಎಡಗಾಲಿನದರ ಪಟ್ಟಿಯನ್ನು ನಾನೇ ಹೊಲಿದುಕೊಟ್ಟಿದ್ದೆ.

"ಯಜಮಾನ್ರೇ, ಮೇಲೆ ಬನ್ನಿ," ಎಂದ. "ಇವು ಉಗ್ರಾಣದ ಬಾಗಿಲ ಹತ್ರ ಇದ್ವು."

"ಅವಳು?"

"ಬಾಗಿಲು ತೆಗೆದ್ವಿ." ಚಪ್ಪಲಿಗಳನ್ನು ಗುಂಡಿಯ ಅಂಚಿನಲ್ಲಿ ಜೋಡಿಸಿಟ್ಟ.

"ಅದೇನು ಗೋಳಿದ್ರೂ ಆಮೇಲೆ ನೋಡ್ಕೋ," ಎಂದ ವ್ಯಾಪಾರಿಯ ಮಗ. "ಇದನ್ನ ಮುಗಿಸಿ ಸಾಯಿ, ಬೋಳಿಮಗನೆ."

ಮುಗಿಸಿದೆ. ಅಂಚುಗಳು ನೇರವಾಗಿ ಬಂದವು.

ಮನೆಯಲ್ಲಿ ನಾವು ಅವಳನ್ನು ಯಾಕಮ್ಮ ಎನ್ನುತ್ತಿದ್ದೆವು. ಮಾತು ಬಂದ ದಿನದಿಂದ ಎಲ್ಲದಕ್ಕೂ ಯಾಕೆ ಎಂದು ಕೇಳಿದವಳು. ಸತ್ತವರನ್ನು ಯಾಕೆ ಹೂಳುತ್ತಾರೆ, ನಮ್ಮನ್ನು ಯಾಕೆ ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ಮಗ ತೀರಿಕೊಂಡ ಮೇಲೆ ಸೊಸೆ ಕಂಡವರ ಬಟ್ಟೆ ಇಸ್ತ್ರಿ ಮಾಡಿ ಅವಳನ್ನು ವಿಶ್ವವಿದ್ಯಾಲಯದವರೆಗೆ ಓದಿಸಿದಳು. ಓದಿದ್ದು ಹಳೆಯ ಕಾಲದ ವಸ್ತುಗಳ ವಿದ್ಯೆ.

"ತಾತ, ನೀನು ಹೂಳ್ತೀಯ, ನಾನು ಹೊರಗೆ ತೆಗೀತೀನಿ," ಎಂದು ನಗುತ್ತಿದ್ದಳು. "ಹೆಂಗಿದ್ರೂ ಮಣ್ಣು ನಮ್ಮನ್ನ ಬಿಡಲ್ಲ."

ವಸ್ತುಸಂಗ್ರಹಾಲಯದವರು ಅವಳನ್ನು ಒಂದು ವರ್ಷ ತರಬೇತಿಗೆ ತೆಗೆದುಕೊಂಡರು. ಸಂಬಳವಿಲ್ಲ, ಅನುಭವ ಸಿಗುತ್ತದೆ, ಕೊನೆಗೊಂದು ಪ್ರಮಾಣಪತ್ರ ಕೊಡುತ್ತೇವೆ, ಅದಿಲ್ಲದೆ ಈ ಕಸುಬಿನಲ್ಲಿ ಯಾರೂ ಒಳಗೆ ಬಿಡುವುದಿಲ್ಲ ಎಂದರಂತೆ. ಅನುಭವವನ್ನು ಒಲೆಯ ಮೇಲಿಟ್ಟರೆ ಬೇಯುತ್ತದೆಯೇ ಎಂದು ಸೊಸೆ ಕೇಳಿದಳು. ಹಳೇ ವಸ್ತು ನೋಡಮ್ಮ, ನಿಧಾನವಾಗಿ ಬೇಯುತ್ತದೆ ಎಂದು ಇವಳು ಹೇಳಿದಳು.

ಉಗ್ರಾಣದ ಒಳಕೋಣೆಯನ್ನು ಅವಳಿಗೆ ಕೊಟ್ಟರು. ಯಾವುದೋ ಪುರಾತನ ಸ್ಮಶಾನದಿಂದ ಅಗೆದು ತಂದ ಮಣ್ಣಿನ ಗಡಿಗೆಗಳು, ಒಳಗೆ ಮೂಳೆ. ಸಣ್ಣ ಕುಂಚ ಹಿಡಿದು ಧೂಳು ತೆಗೆಯುವುದು ಅವಳ ಕೆಲಸ. ಒಂದು ಕುಡಿಕೆಯಲ್ಲಿ ಎಳೆಮಗುವಿನ ಮೂಳೆಗಳಿವೆ, ಅದಕ್ಕೆ ನಂಬರು ಬರೆದಿದ್ದಾರೆ ತಾತ ಎಂದು ಒಂದು ಸಂಜೆ ಹೇಳಿದಳು. ಹೂಳುವಾಗ ನಾನು ಹೇಳುವ ಪ್ರಾರ್ಥನೆಯನ್ನು ಅಂದೇ ಕಲಿತುಕೊಂಡಳು. ದಿನವೂ ಆ ಕುಡಿಕೆಯ ಮುಂದೆ ಮೆಲ್ಲಗೆ ಹೇಳುತ್ತಿದ್ದಳಂತೆ.

ಸೇರಿದ ಮೊದಲ ವಾರದಲ್ಲೇ ಒಂದು ದಿನ ಕಾವಲುಗಾರ "ಸಿಬ್ಬಂದಿಯೆಲ್ಲ ಹೊರಗೆ ಬನ್ನಿ" ಎಂದು ಕೂಗಿದ. ಯಾರೋ ನಿವೃತ್ತರಾಗುತ್ತಿದ್ದರು, ಮೆಟ್ಟಿಲ ಮೇಲೆ ಫೋಟೋ. ಇವಳೂ ಕೈ ತೊಳೆದು ಕೂದಲು ಸರಿಮಾಡಿಕೊಂಡು ಸಾಲಿನ ಕೊನೆಯಲ್ಲಿ ನಿಂತಳು. ಅಲ್ಲಿಯ ಮುಖ್ಯಸ್ಥೆ ತಿರುಗಿ ನೋಡಿದರು.

"ನೀನ್ಯಾಕಮ್ಮ ಬಂದೆ?"

ಮನೆಯ ಹೆಸರು ಇವರಿಗೆ ಹೇಗೆ ಗೊತ್ತಾಯಿತು ಎಂದು ಇವಳು ನಕ್ಕುಬಿಟ್ಟಳಂತೆ.

"ಹಲ್ಲು ಬೇರೆ ಕಿರೀತಾಳೆ. ನೀನು ಸಿಬ್ಬಂದಿನಾ? ಸಿಬ್ಬಂದಿ ಅಂತ ಕೂಗಿದ್ರೆ ನೀನು ಎದ್ದು ಬರೋ ಹಾಗಿಲ್ಲ. ಕೆಲಸದಲ್ಲಿರು. ಇನ್ನೊಂದ್ಸಲ ಬಂದ್ರೆ ಪ್ರಮಾಣಪತ್ರ ಮರೆತುಬಿಡು."

ಇದನ್ನು ಅವಳು ಮನೆಯಲ್ಲಿ ಮೇಡಂ ದನಿಯಲ್ಲೇ ಅಭಿನಯಿಸಿ ತೋರಿಸಿದಳು. ನಾವೂ ನಕ್ಕೆವು.

ಉಗ್ರಾಣದ ಮರದ ಮೂರ್ತಿಗಳಿಗೆ ಹುಳು ಬಿದ್ದಿತ್ತು. ಅವಳು ಮನೆಗೆ ಬಾರದ ಆ ದಿನ ಉಗ್ರಾಣವನ್ನು ಮುಚ್ಚಿ, ಬಾಗಿಲ ಸಂದಿಗೆಲ್ಲ ಪಟ್ಟಿ ಅಂಟಿಸಿ, ಒಳಗೆ ವಿಷದ ಗಾಳಿ ಬಿಟ್ಟರು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲವಂತೆ. ಬಾಗಿಲು ಮುಚ್ಚುವ ಮೊದಲು ಕೂಗಿದವನು ಇದೇ ಕಾವಲುಗಾರ. ಸ್ಮಶಾನದಿಂದ ಬರುವಾಗ ದಾರಿಯಲ್ಲಿ ಅವನೇ ಹೇಳಿದ.

"ಸಿಬ್ಬಂದಿಯೆಲ್ಲ ಹೊರಗೆ ಬನ್ನಿ ಅಂತ ಮತ್ತೆ ಮತ್ತೆ ಕೂಗಿದೆ, ಯಜಮಾನ್ರೇ. ಎಲ್ಲ ಬಂದ್ರು."

ಎಲ್ಲದಕ್ಕೂ ಯಾಕೆ ಎಂದವಳು ಅಂದು ಮಾತ್ರ ಕೇಳಲಿಲ್ಲ. ಬಾಗಿಲು ತೆಗೆದಾಗ ಕುಂಚ ಕೈಯಲ್ಲೇ ಇತ್ತಂತೆ.

ಮುಖ್ಯಸ್ಥೆಯ ಕೋಣೆಯಲ್ಲಿ ನಮ್ಮನ್ನು ನಿಲ್ಲಿಸಿದರು. ಸೊಸೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತಳು.

"ಅದರ ಮೇಲೆ ಕೂತ್ಕೋಬೇಡಿ," ಎಂದರು ಮುಖ್ಯಸ್ಥೆ. "ಅದು ಬಹಳ ಹಳೇದು."

ಸೊಸೆ ಎದ್ದು ನೆಲದ ಮೇಲೆ ಕುಳಿತಳು. ನಿಮ್ಮ ದುಃಖ ನಮಗೂ ಇದೆ ಎಂದು ಅವರು ಶುರುಮಾಡಿದರು. ಪೊಲೀಸರಿಗೆ ಎಲ್ಲ ಹೇಳಿಯಾಗಿದೆಯಂತೆ. ಹುಡುಗಿ ಸಿಬ್ಬಂದಿಯಲ್ಲ, ಹೊರಗಿನವಳು. ಕರೆದರೂ ಬರದೆ ತಾನಾಗಿಯೇ ಒಳಗೆ ಉಳಿದಳು. ಯಾಕೆ ಉಳಿದಳೋ, ಆ ವಯಸ್ಸಿನ ಹುಡುಗಿಯರ ಮನಸ್ಸಿನಲ್ಲಿ ಏನಿರುತ್ತದೋ, ತಾಯಿಯಾದವಳೇ ಯೋಚಿಸಿಕೊಳ್ಳಲಿ ಎಂದರು.

"ಹೊರಗಿನವಳು ಅಂದ್ರಾ ತಾಯಿ?" ಎಂದೆ. "ಒಳಗೇ ಸತ್ತಳಲ್ಲ."

"ನೋಡಿ ಹಿರಿಯರೇ, ಮಾತಿಗೆ ಮಾತು ಬೇಡ."

"ಕೂಗಿದ್ರೆ ಬರಬೇಡ ಅಂದಿದ್ದು ನೀವು. ಅದೊಂದು ಮಾತು ಪೊಲೀಸ್ರಿಗೆ ಹೇಳಿ. ಇಲ್ದಿದ್ರೆ ತಾನಾಗೇ ಸತ್ತಳು ಅಂತಾರೆ ಜನ. ನನಗೆ ಬೇರೇನೂ ಬೇಡ."

"ನಾನು ಹಾಗೆ ಹೇಳಿದ್ದು ಯಾರು ಕೇಳಿದ್ದಾರೆ?"

ಬಾಗಿಲಲ್ಲಿ ಕಾವಲುಗಾರ ನಿಂತಿದ್ದ. ಅವನು ತನ್ನ ಬೂಟುಗಳನ್ನು ನೋಡಿಕೊಂಡ.

ಮರುದಿನ ಬೆಳಿಗ್ಗೆ ಆಸ್ಪತ್ರೆಯವರು ಅವಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಕೈಗಾಡಿಯಲ್ಲಿ ಮಲಗಿಸಿದೆವು. ಹಾರೆ, ಗುದ್ದಲಿ, ಸಲಿಕೆ ಅವಳ ಪಕ್ಕದಲ್ಲೇ ಇದ್ದವು. ವಸ್ತುಸಂಗ್ರಹಾಲಯದ ಗೇಟಿನ ಎದುರಿಗೆ ಬಂದಾಗ ಸೊಸೆ ಗಾಡಿಯನ್ನು ನಿಲ್ಲಿಸಿದಳು.

"ಮಾವ, ಇಲ್ಲೇ," ಎಂದಳು.

ಮೆಟ್ಟಿಲ ಮುಂದೆ ಹಸಿರು ಹುಲ್ಲು, ಅದರ ಮೇಲೆ ನಡೆಯಬಾರದೆಂಬ ಹಲಗೆ. ಅವಳನ್ನು ಹುಲ್ಲಿನ ಮೇಲೆ ಮಲಗಿಸಿ ದೇವರನ್ನು ನೆನೆದು ಮೊದಲ ಏಟು ಹಾಕಿದೆ. ಮಣ್ಣು ಮೆತ್ತಗಿತ್ತು. ದಿನವೂ ನೀರುಂಡ ನೆಲ.

ಮೊಣಕಾಲಿನ ಆಳಕ್ಕೆ ಇಳಿದಾಗ ಮುಖ್ಯಸ್ಥೆ ಮೆಟ್ಟಿಲ ಮೇಲೆ ಬಂದರು.

"ಏನಯ್ಯ ನೋಡ್ತಾ ನಿಂತಿದ್ದೀಯ?" ಎಂದು ಕಾವಲುಗಾರನ ಮೇಲೆ ಹರಿಹಾಯ್ದರು. "ಆ ಹೆಣ ಹೂಳೋ ನನ್ಮಗನ್ನ ಎಳೆದು ಆಚೆ ಹಾಕು."

ಕಾವಲುಗಾರ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಅವತ್ತು ಫೋಟೋ ದಿನ ನೀವು ಅವಳಿಗೆ ಹೇಳಿದ್ದನ್ನ ನಾನು ಕೇಳಿಸ್ಕೊಂಡಿದ್ದೀನಿ, ಮೇಡಂ," ಎಂದ. ಅಲ್ಲಿಂದ ಕದಲಲಿಲ್ಲ.

ಆಗ ಅವರೇ ಬಾಗಿಲಿಗೆ ತಿರುಗಿ ಕೂಗಿದರು.

"ಸಿಬ್ಬಂದಿಯೆಲ್ಲ ಹೊರಗೆ ಬನ್ನಿ!"

ಎಲ್ಲರೂ ಬಂದರು. ಫೋಟೋಕ್ಕೆ ನಿಂತ ಹಾಗೆ ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ಕೆಳಗೆ ಯಾರೂ ಇಳಿಯಲಿಲ್ಲ. ಬಿಳಿ ಬಟ್ಟೆಯೊಳಗೆ ಇವಳು ಮಾತ್ರ ಅಲುಗಲಿಲ್ಲ.

ಗೇಟಿನ ಬಳಿ ಪೊಲೀಸ್ ವ್ಯಾನು ಬಂದು ನಿಂತ ಸದ್ದಾಯಿತು. ನಾನು ತಲೆ ಎತ್ತದೆ ಅಗೆಯುತ್ತ ಹೋದೆ. ಊರವರಿಗೆಲ್ಲ ಹೇಳಿದ ಪ್ರಾರ್ಥನೆ ಅಂದು ನನ್ನ ಬಾಯಿಗೆ ಬರಲಿಲ್ಲ. ಬಂದದ್ದನ್ನೇ ಹೇಳಿದೆ.

ದೇವರೇ, ನಿನ್ನ ಬಾಗಿಲಲ್ಲಿ ನಿಂತು ಎಲ್ಲರನ್ನೂ ಕರೆಯುವ ದಿನ ಇವಳನ್ನು ಹೆಸರು ಹಿಡಿದು ಕರೆ. ಎಲ್ಲರೂ ಬನ್ನಿ ಎಂದರೆ ಇವಳು ಬರುವುದಿಲ್ಲ, ಎಲ್ಲೋ ಒಳಕೋಣೆಯಲ್ಲಿ ಧೂಳು ತೆಗೆಯುತ್ತ ಕುಳಿತಿರುತ್ತಾಳೆ. ನೀನೇ ಒಳಗೆ ಹೋಗಿ ಅವಳ ಕೈಯ ಕುಂಚವನ್ನು ತೆಗೆದಿಡು. ಕುಡಿಕೆಯಲ್ಲಿರುವ ಆ ಮಗುವಿಗೂ ಇವಳಿಗೂ ಶಾಂತಿ ಕೊಡು.