ಗೂಟದಲ್ಲಿ ಕೂಗಿದ ಸೈರನ್

ಅಣೆಕಟ್ಟೆಯ ಗೇಟು ತೆಗೆಯುವ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಇದನ್ನು ನನಗೆ ಹೇಳಿದರು. ಎರಡು ವರ್ಷದ ಅಂತರದಲ್ಲಿ ಎರಡು ಸಲ ಕೇಳಿದೆ. ಒಂದು ಮಾತೂ ಬದಲಾಗಿರಲಿಲ್ಲ.

ಅಲ್ಲಿ ನೀರು ಬಿಡುವ ಕಾಲು ಗಂಟೆ ಮೊದಲು ಸೈರನ್ ಕೂಗಬೇಕು. ಕೂಗಿಸುವುದು ಕಂಟ್ರೋಲ್ ರೂಮಿನ ಕಂಪ್ಯೂಟರು. ಅದರ ಬೆನ್ನಿನಿಂದ ಹೊರಟ ತಂತಿ ಹೊಳೆದಂಡೆಯ ಹಾರ್ನುಗಳವರೆಗೆ ಹೋಗಿತ್ತು. ಹಳೆಯ ಯಂತ್ರ ಕೆಟ್ಟು, ಹೊಸದಕ್ಕೆ ಲಿನಕ್ಸ್ ಹಾಕಿದಾಗ ಎಲ್ಲವೂ ನಡೆಯಿತು, ಸದ್ದೊಂದನ್ನು ಬಿಟ್ಟು. ಮೇಸ್ತ್ರಿ ಎಂದೇ ಎಲ್ಲರೂ ಕರೆಯುತ್ತಿದ್ದ ಕಂಪ್ಯೂಟರ್ ರಿಪೇರಿಯವನು ಎರಡು ದಿನ ಅದರ ಮುಂದೆ ಕೂತ. ಯಂತ್ರವು ಸದ್ದನ್ನೆಲ್ಲ ಸ್ಪೀಕರೇ ಇಲ್ಲದ ಮಾನಿಟರಿಗೆ ಕಳಿಸುತ್ತಿತ್ತು. ಮೂರನೆಯ ಮಧ್ಯಾಹ್ನ ಅದನ್ನು ತಿದ್ದಿದ.

"ಆಯ್ತು ಅಣ್ಣ, ಒಂದ್ಸಲ ಕೂಗಿಸಿ ನೋಡೋಣ."

"ನಿನ್ನ ಕಿವಿಯಾರೆ ಕೇಳು, ಆಮೇಲೆ ಸಹಿ ಹಾಕು. ಇಲ್ಲಿ ಕಣ್ಣನ್ನ ನಂಬೋ ಹಾಗಿಲ್ಲ." ಎಂದರು ಹಿರಿಯರು. ಅದು ಆ ಕೋಣೆಯ ಹಳೆಯ ನಿಯಮ.

ಅಷ್ಟರಲ್ಲಿ ಮೇಸ್ತ್ರಿಯ ಅಕ್ಕ ಫೋನು ಮಾಡಿದಳು. ಅವಳ ಮನೆ ಹೊಳೆಯ ಮೆಟ್ಟಿಲುಗಳ ಪಕ್ಕದಲ್ಲೇ; ಸೈರನ್ನನ್ನು ಅವಳು ಕತ್ತೆ ಎಂದೇ ಕರೆಯುತ್ತಿದ್ದಳು.

"ಲೋ, ನಿನ್ನ ಕತ್ತೆ ಈಗ ಅರಚಬಾರ್ದು! ಜ್ವರದ ಮಗು ಈಗಷ್ಟೇ ಕಣ್ಣು ಮುಚ್ಚಿದೆ. ಎದ್ರೆ ನೀನೇ ಬಂದು ತೂಗು."

"ತೂಗ್ತೀನಿ ಬಿಡೇ. ಸೋದರಮಾವ ಇರೋದು ಇನ್ಯಾತಕ್ಕೆ!"

ಅವನು ಹೆಡ್‌ಫೋನು ಚುಚ್ಚಿ ಕೇಳಿದ. ಸೈರನ್ ಕಿವಿ ತುಂಬ ಕೂಗಿತು. ನಿಯಮದಂತೆ ಸಹಿ ಹಾಕಿ, ಹೆಡ್‌ಫೋನನ್ನು ಗೋಡೆಯ ಗೂಟಕ್ಕೆ ನೇತುಹಾಕಿ ಹೊರಟ. ಪಿನ್ನು ಯಂತ್ರದಲ್ಲೇ ಉಳಿಯಿತು. ಹೆಡ್‌ಫೋನು ಚುಚ್ಚಿರುವವರೆಗೆ ಹಾರ್ನಿನ ದಾರಿ ತಾನಾಗಿ ಮುಚ್ಚಿಕೊಂಡಿರುತ್ತದೆ.

ಅಂದು ನಾಲ್ಕಕ್ಕೆ ನೀರು ಬಿಡುವುದಿತ್ತು. ಮೂರೂವರೆಗೆ ಅವನು ಅಕ್ಕನ ಮನೆಯಲ್ಲಿದ್ದ.

"ತೊಟ್ಟಿಲು ನೋಡ್ಕೋ, ಈ ಬಟ್ಟೆ ಒಗೆದು ಬರ್ತೀನಿ."

"ಇವತ್ತು ನೀರು ಬಿಡ್ತಾರೆ ಕಣೇ ಅಕ್ಕ."

"ಗೊತ್ತು. ಕತ್ತೆ ಅರಚಿದ ತಕ್ಷಣ ಎದ್ದು ಬರ್ತೀನಿ. ಅದೂ ನೀನೇ ರಿಪೇರಿ ಮಾಡಿರೋ ಕತ್ತೆ!"

ಮೂರೂ ಮುಕ್ಕಾಲಿಗೆ ಹಿರಿಯರು ಗುಂಡಿ ಒತ್ತಿದರು. ಪರದೆಯ ಮೇಲೆ ಸದ್ದು ಹೋಗುತ್ತಿದೆ ಎನ್ನುವ ಹಸಿರು ಪಟ್ಟಿಗಳು ಕುಣಿದವು. ಅವರು ಗೇಟಿನತ್ತ ನಡೆದರು. ಸದಾ ಹರಿಯುವ ಕಾಲುವೆಯ ಭೋರ್ಗರೆತದಲ್ಲಿ ಅಲ್ಲಿಗೆ ಸೈರನ್ ಎಂದೂ ಕೇಳಿಸಿದ್ದಿಲ್ಲ.

ಇತ್ತ ಮೇಸ್ತ್ರಿ ತೊಟ್ಟಿಲು ತೂಗುತ್ತ ಗಡಿಯಾರ ನೋಡುತ್ತಿದ್ದ. ಇವತ್ತು ತಡವಾಗಿರಬೇಕು ಎಂದುಕೊಂಡ. ಹೊಳೆಯ ಕಡೆಯಿಂದ ಬಟ್ಟೆ ಕಲ್ಲಿಗೆ ಬಡಿಯುವ ಸದ್ದು ಒಂದೇ ಸಮನೆ ಬರುತ್ತಿತ್ತು. ನಾಲ್ಕಕ್ಕೆ ಐದು ನಿಮಿಷವಿರುವಾಗ ಕಂಟ್ರೋಲ್ ರೂಮಿಗೆ ಫೋನು ಮಾಡಿದ. ಯಾರೂ ಎತ್ತಲಿಲ್ಲ. ನಾಲ್ಕು ದಾಟಿದರೂ ಮತ್ತೆ ಮತ್ತೆ ಮಾಡಿದ. ಅದು ಬಡಿದುಕೊಳ್ಳುತ್ತಿರುವಾಗಲೇ ಗೂಟ ನೆನಪಾಯಿತು. ಪಿನ್ನು ಕಿತ್ತ ನೆನಪು ಮಾತ್ರ ಎಷ್ಟು ಹುಡುಕಿದರೂ ಬರಲಿಲ್ಲ.

"ಅಕ್ಕಾ!"

ಬಟ್ಟೆ ಬಡಿಯುವ ಸದ್ದು ನಿಂತಿತು. ಮಗುವನ್ನು ಎದೆಗವಚಿಕೊಂಡು ಓಡಿದ. ಹದಿನೆಂಟು ಮೆಟ್ಟಿಲುಗಳಲ್ಲಿ ಮೇಲಿನ ಮೂರು ಮಾತ್ರ ಕಾಣುತ್ತಿದ್ದವು. ಅಕ್ಕ ಇರಲಿಲ್ಲ.

ಹಿರಿಯರು ಕೋಣೆಗೆ ಮರಳಿದಾಗ ಫೋನು ಬಡಿದುಕೊಳ್ಳುತ್ತಲೇ ಇತ್ತು. ಗೂಟದಲ್ಲಿ ಏನೋ ಸೊಳ್ಳೆಯಂತೆ ಗುಂಯ್‌ಗುಡುತ್ತಿತ್ತು.

"ಹತ್ರ ಹೋಗಿ ಕೇಳಿದೆ. ನಮ್ಮ ಸೈರನ್ನೇ. ಪಿನ್ನು ಕಿತ್ತುಬಿಟ್ಟೆ," ಎಂದರು ಹಿರಿಯರು. "ಆಗ ಕೂಗ್ತು ನೋಡಿ, ಹೊಳೆಯುದ್ದಕ್ಕೂ. ಮಗು ಎಚ್ಚರ ಆಗಿದ್ದು ಆವಾಗಲೇ ಅಂತೆ."